ಎಡಗಾಲಿನ ಸರದಿ

"ನಿಲ್ಸಮ್ಮ ಇದನ್ನ. ನಡೀತಿರೋದು ಈ ಯಂತ್ರ, ನಾನಲ್ಲ," ಎಂದರು ಟೀಚರ್, ಪಕ್ಕದಲ್ಲಿದ್ದ ಫಿಸಿಯೋಥೆರಪಿಸ್ಟ್‌ಗೆ.

ಮೇಲಿನ ಕಂಬಿಯಿಂದ ಇಳಿಬಿಟ್ಟ ಪಟ್ಟಿಗಳು ಅವರನ್ನು ಹಿಡಿದು ನಿಲ್ಲಿಸಿದ್ದವು. ಕೆಳಗೆ ರಬ್ಬರಿನ ಹಾಸು ಹಿಂದಕ್ಕೆ ಸರಿಯುತ್ತಿತ್ತು. ತೊಡೆಗೂ ಕಣಕಾಲಿಗೂ ಬಿಗಿದ ಲೋಹದ ಕಾಲುಗಳು ಅವರ ಕಾಲುಗಳನ್ನು ಎತ್ತಿ ಎತ್ತಿ ಮುಂದಿಡುತ್ತಿದ್ದವು. ಆಯುಷ್ಯವಿಡೀ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಓಡಿಸಿದ ಪೀಟಿ ಟೀಚರ್ ಅವರು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಲಕ್ವ ಹೊಡೆಯಿತು. ಮಾತು ಬೇಗ ಮರಳಿತು, ಎಡಗೈ ಅರ್ಧಂಬರ್ಧ ಮರಳಿತು, ಎಡಗಾಲು ಮರಳಲಿಲ್ಲ.

"ಹೆಣಕ್ಕೆ ಸಿಂಗಾರ ಮಾಡಿದ ಹಾಗಿದೆ. ನಾಳೆಯಿಂದ ಬರಲ್ಲ."

"ಬರಬೇಡ ಬಿಡು," ಎಂದಳು ಗೋಡೆಯ ಪಕ್ಕ ಕೂತಿದ್ದ ತಂಗಿ. ದಿನವೂ ಅಕ್ಕನನ್ನು ಕರೆತಂದು ಅವಳಿಗೂ ಸಾಕಾಗಿತ್ತು. "ನೀನೇನು ಮಹಾ ಓಟಗಾರ್ತಿ? ಚಿಕ್ಕೋರಿದ್ದಾಗ ನಾನೇ ಸೋಲಿಸಿದ್ದೆ."

"ಯಾವಾಗ್ಲೇ?"

"ಅಮ್ಮನ ಮುಂದೇನೇ. ಮರೆತುಹೋಯ್ತಾ?"

"ಚಪ್ಪಲಿ ಕಿತ್ತುಹೋಗಿತ್ತು ಕಣೇ ನಂದು! ಅದನ್ನೂ ಗೆಲುವು ಅಂತಾರಾ? ನಾಚಿಕೆ ಆಗಲ್ವಾ ನಿಂಗೆ?"

ಟೀಚರ್ ಮುಖ ಕೆಂಪಾಯಿತು. ಫಿಸಿಯೋಥೆರಪಿಸ್ಟ್ ಯಂತ್ರದ ಪರದೆಯ ಕಡೆ ನೋಡಿದಳು, ಒಂದು ಗುಂಡಿ ಒತ್ತಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಒತ್ತಿದಳು. ಜಗಳ ಅಜ್ಜಿಮನೆಯ ಬಾವಿಕಟ್ಟೆಯವರೆಗೂ ಹೋಗಿ ಬಂತು.

"ಟೀಚರ್, ಎಡಗಡೆ ಯಂತ್ರ ಈಗ ಸುಮ್ನೆ ಜೊತೆಗಿದೆ ಅಷ್ಟೇ," ಎಂದಳು ಥೆರಪಿಸ್ಟ್. "ಎತ್ತಿಡ್ತಿರೋದು ನೀವು."

"ಸುಳ್ಳು."

"ಬೇಕಾದ್ರೆ ಬಿಟ್ಟು ನೋಡಿ."

ಟೀಚರ್ ಕಾಲು ಸಡಿಲ ಬಿಟ್ಟರು. ಎಡ ಪಾದ ಹಾಸಿನ ಜೊತೆ ಹಿಂದಕ್ಕೆ ಜಾರಿತು. ಯಂತ್ರ ಕೀಂ ಎಂದು ಕೂಗಿ ನಿಂತಿತು. ಮತ್ತೆ ಶುರುಮಾಡಿದಾಗ ಅವರು ಹಲ್ಲುಕಚ್ಚಿ ತೊಡೆಗೆ ಬಲ ಕೊಟ್ಟರು. ಕಾಲು ಎದ್ದಿತು. ಬಿಟ್ಟರು, ಬಿತ್ತು. ಕೊಟ್ಟರು, ಎದ್ದಿತು. ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ಜೋರಾಗಿ ನಕ್ಕರು.

"ಇನ್ನೊಂದ್ಸಲ," ಎಂದರು. ಹೊತ್ತು ಮುಗಿದರೂ ಇಳಿಯಲೊಪ್ಪಲಿಲ್ಲ.

ಅಲ್ಲಿಂದ ಮುಂದೆ ತಂಗಿಯನ್ನು ಎಬ್ಬಿಸಿ ಹೊರಡಿಸುವುದೇ ಅವರ ಕೆಲಸವಾಯಿತು. ಯಂತ್ರದ ನೆರವು ವಾರ ವಾರಕ್ಕೂ ಇಳಿಯುತ್ತಾ ಬಂತು. ಆಮೇಲೆ ಪಟ್ಟಿಗಳು ಹೋದವು, ಕಂಬಿ ಹಿಡಿದು ನಡೆದದ್ದಾಯಿತು. ಕೊನೆಗೊಂದು ದಿನ ಅವರು ಕಂಬಿಯನ್ನೂ ಬಿಟ್ಟು ಬರಿಯ ನೆಲದ ಮೇಲೆ ಬಾಗಿಲ ಕಡೆ ಹೊರಟರು. ಥೆರಪಿಸ್ಟ್ ಕೈ ಚಾಚಿಕೊಂಡು ಪಕ್ಕದಲ್ಲೇ ಬಂದಳು, ಮುಟ್ಟಲಿಲ್ಲ. ಎಡಗಾಲು ಪ್ರತಿ ಸಲವೂ ತುಸು ಯೋಚಿಸಿ ಮುಂದೆ ಬರುತ್ತಿತ್ತು, ಆದರೆ ಬರುತ್ತಿತ್ತು. ಬಾಗಿಲಲ್ಲಿ ತಂಗಿ ಬಿಕ್ಕುತ್ತಾ ನಿಂತಿದ್ದಳು.

"ಅಳೋದಾದ್ರೆ ಪಕ್ಕಕ್ಕೆ ನಿಂತು ಅಳು. ಅಡ್ಡ ಬರಬೇಡ."

ಹೊರಗೆ, ಅಕ್ಕನಿಗೆಂದು ತಂದಿಟ್ಟ ಗಾಲಿಕುರ್ಚಿಯಲ್ಲಿ ತಂಗಿಯೇ ಕುಸಿದು ಕೂತಳು. ಕಣ್ಣೊರೆಸಿಕೊಂಡು ಏಳಲು ಹೋದಳು.

"ಕೂತ್ಕೋ," ಎಂದರು ಟೀಚರ್.

ಕುರ್ಚಿಯ ಹಿಂದೆ ಬಂದು ಹಿಡಿಗಳಿಗೆ ಕೈ ಹಾಕಿದರು. ಎಡಗೈ ಬೆರಳುಗಳು ನಿಧಾನವಾಗಿ ಮಡಚಿಕೊಂಡವು. ಗಾಲಿ ಉರುಳಿತು. ತಂಗಿ ಇಬ್ಬರ ಚೀಲಗಳನ್ನೂ ಮಡಿಲಲ್ಲಿಟ್ಟುಕೊಂಡು, ನೆಲಕ್ಕೆ ತಾಗದ ಹಾಗೆ ಸೀರೆಯ ಅಂಚನ್ನು ಎತ್ತಿ ಹಿಡಿದಳು.