ಹೊಲಿಗೆ ಮೇಜಿನ ಮೂಲೆಗೊಂದು ಲ್ಯಾಪ್‌ಟಾಪ್

ಒದ್ದೆ ಹೊದಿಕೆಯ ಒಂದು ತುದಿಯನ್ನು ಅವಳೂ ಇನ್ನೊಂದನ್ನು ಮಗಳೂ ಹಿಡಿದು ಹಿಂಡುತ್ತಿದ್ದಾಗ ಹೊರಗೆ ಮೈದುನನ ಕಾರು ಹಾರ್ನ್ ಹೊಡೆಯಿತು. ಅಂಗಡಿ ತೆರೆದಿದೆ, ಬೇಗ ಹೊರಡಿ ಎಂದು ಅವನ ಅವಸರ. ಅರ್ಧ ಹಿಂಡಿದ ಹೊದಿಕೆ ಮತ್ತೆ ಬಕೆಟ್ಟಿಗೆ ಬಿತ್ತು.

ಕರೆಂಟಿಗೆ ಚುಚ್ಚುವ ಯಾವ ಸಾಮಾನು ಮನೆಗೆ ಬರುವುದಿದ್ದರೂ ಆರಿಸುವವನು ಮೈದುನನೇ. ಅದು ಯಾರು ಮಾಡಿದ ಕಟ್ಟಳೆಯೋ, ಇದುವರೆಗೆ ಯಾರೂ ಮುರಿದಿರಲಿಲ್ಲ. ಅವನು ಆರಿಸಿದ ವಾಷಿಂಗ್ ಮೆಷಿನ್ ಬಚ್ಚಲ ಬಾಗಿಲಲ್ಲಿ ತೂರದೆ ಇವತ್ತಿಗೂ ನಡುಮನೆಯಲ್ಲಿ ಬೀಗರ ಹಾಗೆ ಠೀವಿಯಿಂದ ನಿಂತಿದೆ. ಬಟ್ಟೆ ಹಿಂಡುವವರು ತಾಯಿ ಮಗಳು.

ಅವಳಿಗೆ ಬೇಕಾದದ್ದು ಚಿಕ್ಕ, ಅಗ್ಗದ ಲ್ಯಾಪ್‌ಟಾಪ್. ಹೊಲಿಗೆ ಮೆಷಿನ್ನಿನ ಪಕ್ಕದ ಮೂಲೆಯಲ್ಲಿ ಕೂತರೆ ಸಾಕು. ಇಂಟರ್ನೆಟ್ಟಿನಲ್ಲಿ ಕೋಟು ಹೊಲಿಯುವ ಪಾಠ ಸಿಗುತ್ತದೆ. ಆದರೆ ಗಂಡನ ಫೋನು ಬೆಳಿಗ್ಗೆ ಗಂಡನ ಜೊತೆ ಹೊರಟರೆ ಅವಳ ಪಾಠವೂ ಹೊರಟುಹೋಗುತ್ತಿತ್ತು. ಕಲಿಕೆ ತೋಳು ಕೂಡಿಸುವಲ್ಲಿಗೆ ನಿಂತಿತ್ತು. ಹೊಲಿಗೆಯವಳಲ್ಲವೇ, ಮೂಲೆಯ ಅಳತೆಗೆ ಹಳೇ ಪೇಪರು ಕತ್ತರಿಸಿ, ಮಡಿಸಿ ಚೀಲದಲ್ಲಿಟ್ಟುಕೊಂಡು ಬಂದಿದ್ದಳು.

ಅಂಗಡಿಯವನು ಕುರ್ಚಿ ಎಳೆದುಕೊಟ್ಟದ್ದು ಮೈದುನನಿಗೆ. ದೊಡ್ಡ ಪರದೆ, ಗೇಮ್, ಸಿನಿಮಾ ಎಂದು ಇಬ್ಬರೂ ಹರಟೆಯಲ್ಲಿ ಮುಳುಗಿದರು. ಅವಳು ಶೆಲ್ಫಿನ ತುದಿಯಲ್ಲಿದ್ದ ಬೂದುಬಣ್ಣದ ಪುಟ್ಟ ಲ್ಯಾಪ್‌ಟಾಪ್ ಮೇಲೆ ಪೇಪರು ಹಾಸಿ ನೋಡಿದಳು. ಪೇಪರಿನಾಚೆ ಒಂದು ಅಂಚೂ ಇಣುಕಲಿಲ್ಲ. ಇದೇ ಸಾಕು ಎಂದಳು.

"ಏನಮ್ಮ, ಇದಕ್ಕೂ ಅಂಗಿ ಹೊಲೀತೀರಾ?" ಎಂದು ಅಂಗಡಿಯವನು ನಕ್ಕ.

ಮೈದುನನೂ ನಕ್ಕ. "ಅದು ಆಟದ ಸಾಮಾನು ಅತ್ತಿಗೆ. ನಿಮಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರಿ."

ಅವನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಅವಳ ಪಿತ್ತ ನೆತ್ತಿಗೇರಿತು. ಬೆನ್ನು ಬಾಗಿಸಿ ಹೊಲಿದು ದುಡ್ಡು ಕೂಡಿಟ್ಟವಳು ತಾನು, ನಾಳೆ ಇದರ ಮುಂದೆ ಕೂರುವವಳೂ ತಾನು, ಏನೂ ಗೊತ್ತಾಗದವಳೂ ತಾನೇ! ಹಿರೀ ಸೊಸೆಯಾಗಿ ಇಷ್ಟು ವರ್ಷ ಮಾತು ನುಂಗಿ ನುಂಗಿ, ಗಂಟಲಿಗೆ ಉಗುಳುವುದೇ ಮರೆತುಹೋಗಿತ್ತು.

ಬಂದಾಗಿನಿಂದ ಮಗಳು ಅವಳ ಕೈ ಜಗ್ಗುತ್ತಿದ್ದಳು. ಏನೋ ಕೇಳಬೇಕು, ಈಗಲೇ ಕೇಳಬೇಕು. ಪ್ರತಿಸಲವೂ ಅವಳು ಆ ಪುಟ್ಟ ಕೈಯನ್ನು ಮೆಲ್ಲಗೆ ಒತ್ತಿ, "ಆಮೇಲೆ, ಕಂದಾ" ಎಂದು ಸುಮ್ಮನಾಗಿಸಿದ್ದಳು.

ಅಂಗಡಿಯವನು ದೊಡ್ಡ ಡಬ್ಬ ಇಳಿಸಿ, ಪ್ಯಾಕ್ ಮಾಡಲೇ ಎಂದು ಮೈದುನನ ಮುಖ ನೋಡಿದ. ಮಗಳು ಮತ್ತೆ ಜಗ್ಗಿದಳು. ಈ ಸಲ ಅವಳು ಒತ್ತಲಿಲ್ಲ, ಕೈ ಬಿಟ್ಟಳು.

ಮಗಳು ಕೌಂಟರಿನ ಅಂಚು ಹಿಡಿದು ತುದಿಗಾಲಲ್ಲಿ ನಿಂತಳು.

"ಚಿಕ್ಕಪ್ಪಾ, ಲ್ಯಾಪ್‌ಟಾಪ್ ಅಮ್ಮಂದು, ದುಡ್ಡೂ ಅಮ್ಮಂದು. ಮತ್ತೆ ನೀವಿಬ್ರೂ ಅಮ್ಮನ್ನ ಯಾಕೆ ಕೇಳ್ತಾನೇ ಇಲ್ಲ?"