ಗಾಜಿನಾಚೆಯ ಅಂಗೈ

ಜಿಪಾರ್‌ಗೆ ಕ್ಷಯ ಎಂದು ಗೊತ್ತಾದ ದಿನವೇ ಅವಳ ಅತ್ತೆ ಕುಲಿಪಾ ಕೈಗೂಸನ್ನು ತನ್ನ ಮಗ್ಗುಲಿಗೆ ಹಾಕಿಕೊಂಡಳು. ಸೊಸೆಗೆ ಅಂಗಳದಾಚೆಯ ಕೋಣೆ. ಕಫದ ಪರೀಕ್ಷೆ ಶುದ್ಧ ಬರುವವರೆಗೆ ಮಗುವನ್ನು ಮುಟ್ಟಕೂಡದು ಎಂದವಳು ನಾನೇ. ಅತ್-ಬಾಶಿ ಊರಿನ ನರ್ಸ್ ನಾನು. ನಿಷ್ಠುರದ ಮಾತೆಲ್ಲ ನನ್ನ ಪಾಲಿಗೇ ಬರುತ್ತದೆ.

ದಿನಾ ಬೆಳಿಗ್ಗೆ ಅವಳು ಹಿಮದಲ್ಲಿ ನಿಂತು ಕಿಟಕಿಯ ಗಾಜಿಗೆ ಅಂಗೈ ಒತ್ತುತ್ತಿದ್ದಳು. ಒಳಗಿನಿಂದ ಮಗ ತಿಲೆಕ್ ತನ್ನ ಪುಟ್ಟ ಅಂಗೈ ಅಲ್ಲಿಗೇ ಇಟ್ಟು ನಗುತ್ತಿದ್ದ.

ಕೂಸು ಗೋಡೆ ಹಿಡಿದು ನಿಲ್ಲತೊಡಗಿತು. ಮೊದಲ ಹೆಜ್ಜೆ ಇಡುವ ಮಗುವಿನ ಕಾಲಿಗೆ ನಾವು ಕಪ್ಪು-ಬಿಳಿ ದಾರ ಕಟ್ಟುತ್ತೇವೆ; ಹುಡುಗರ ಓಟದಲ್ಲಿ ಗೆದ್ದವರು ಅದನ್ನು ಕತ್ತರಿಸಿದರೆ ಮಗು ಎಡವದೆ ನಡೆಯುತ್ತದೆಂಬ ನಂಬಿಕೆ. ಆ ದಾರ ತಾನೇ ಕಟ್ಟಬೇಕೆಂಬುದು ಜಿಪಾರಳ ಒಂದೇ ಆಸೆ.

"ಅಷ್ಟರೊಳಗೆ ವಾಸಿ ಆಗತ್ತಾ ಅಕ್ಕಾ?"

"ಮಾತ್ರೆ ತಪ್ಪಿಸಿಲ್ಲ ತಾನೇ? ಆಗ್ದೆ ಏನು."

ಕಫದ ರೋಗಾಣು ಇನ್ನೂ ಬದುಕಿದೆಯೇ, ಬೆಳೆಸಿ ನೋಡಿ ಎಂದು ಬರೆದೇ ಜಿಲ್ಲೆಯ ಪ್ರಯೋಗಾಲಯಕ್ಕೆ ಕಳಿಸಿದೆ. ಅಲ್ಲಿಯವರಿಗೆ ಹೊಸ ಯಂತ್ರದ ಮೋಹ, ಅದಕ್ಕೇ ಹಾಕಿದರು. ರೋಗಾಣು ಇದೆ ಎಂದು ಅಂದೇ ಫೋನಿಗೆ ಉತ್ತರ ಬಂತು. ಹೊಸ ರೋಗಿಯನ್ನು ಹಿಡಿಯಲು ಆ ಯಂತ್ರ ಬಲು ಜಾಣ, ಆದರೆ ಔಷಧಕ್ಕೆ ಸತ್ತ ರೋಗಾಣುವನ್ನೂ ಅದು ಇದೆ ಎಂದೇ ಹೇಳುತ್ತದೆ. ಬೇರೆ ಕಫ ಕಳಿಸಿ, ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆ. ಬೆಳೆಸಿ ನೋಡಲು ವಾರಗಟ್ಟಲೆ ಬೇಕು. ಮಗುವಿನ ಕಾಲು ಕಾಯುತ್ತದೆಯೇ?

ದಾರ ಕಟ್ಟಿದ್ದು ಕುಲಿಪಾ. ಅಂಗಳದಲ್ಲಿ ಹುಡುಗರು ಓಡಿದರು, ಎಲ್ಲರೂ ಎಣ್ಣೆಯಲ್ಲಿ ಕರಿದ ಬೋರ್ಸೋಕ್ ರೊಟ್ಟಿ ತಿಂದರು. ಜಿಪಾರ್ ತನ್ನ ಬಾಗಿಲಲ್ಲೇ ನಿಂತು ನೋಡಿದಳು.

ಕೊನೆಗೆ ಕಫದಲ್ಲಿ ಏನೂ ಬೆಳೆಯಲಿಲ್ಲ ಎಂಬ ಸುದ್ದಿ ಬಂತು. ನಾನು ಏದುಸಿರು ಬಿಡುತ್ತ ಓಡಿ, ಅವಳನ್ನು ಒಳಮನೆಗೆ ಎಳೆದುಕೊಂಡು ಹೋದೆ. ಅವಳು ಮೊಣಕಾಲೂರಿ ತೋಳು ಚಾಚಿದಳು. ತಿಲೆಕ್ ಅವಳನ್ನು ಪರಕೀಯಳಂತೆ ನೋಡಿದ. ತಪ್ಪುಹೆಜ್ಜೆ ಇಡುತ್ತ ಅವಳನ್ನು ದಾಟಿ ಕಿಟಕಿಗೆ ಹೋದ. ಗಾಜಿಗೆ ಅಂಗೈ ಒತ್ತಿ ಅಮ್ಮನಿಗಾಗಿ ಕಾದ.

ಜಿಪಾರ್ ಎದ್ದು ಹೊರಗೆ ಹೋದಳು. ಕಿಟಕಿಯಾಚೆ ನಿಂತು ಅಂಗೈ ಇಟ್ಟಳು. ಮಗು ಕಿಲಕಿಲ ನಕ್ಕಿತು.

"ಇನ್ನೂ ಈ ಗಾಜು ಯಾಕೆ?" ಎಂದು ಗೊಣಗಿದ ಕುಲಿಪಾ ಕಿಟಕಿ ತೆರೆದು, ಮೊಮ್ಮಗನನ್ನೆತ್ತಿ ಸೊಸೆಯ ತೋಳಿಗೆ ಕೊಟ್ಟಳು.