ಅವ್ವನ ಅಕ್ಷರ

"ಈ ಹಂದಿಗೂಡುಗಳನ್ನ ಯಾಕೋ ಬರ್ದೆ, ಬೇವರ್ಸಿ?"

ಕಾಮಿಕ್ಸ್ ಪತ್ರಿಕೆಯ ಮಾಲೀಕ ಡಾನ್ ಹಿಲಾರಿಯೊ ಚಿತ್ರದ ಹಾಳೆಯನ್ನು ಅಪ್ಪನ ಮುಖಕ್ಕೇ ಎಸೆದ.

"ಮನೆಗಳು ಸಾರ್. ನಮ್ಮ ತೊಂಡೊ ಕೇರೀಲಿರೋ ಮನೆಗಳು."

"ಮಿಲ್ಟ್ರಿ ಕಾನೂನು ಬಂದ್ಮೇಲೂ ಬುದ್ಧಿ ಬರ್ಲಿಲ್ವ ನಿಂಗೆ? ಈ ದೇಶದಲ್ಲೀಗ ಗುಡಿಸ್ಲೇ ಇಲ್ಲ. ತಿಳೀತಾ? ಅಳಿಸು. ಹೂವಿನ ತೋಟ ಬರಿ."

ಕುರ್ಚಿ ಕೊಡಲಿಲ್ಲ. ಅಪ್ಪ ನಿಂತಲ್ಲೇ ಬಗ್ಗಿ, ಆ ಮೇಜಿನ ತುದಿಯಲ್ಲಿ ಬಿಳಿ ಬಣ್ಣ ಬಳಿದು ನಮ್ಮ ಓಣಿಯನ್ನು ಅಳಿಸಿದ. ಅದರ ಮೇಲೆ ಮಲ್ಲಿಗೆ ಬಳ್ಳಿ ಬರೆದ. ಆಫೀಸಿನವರು ನಗುತ್ತಿದ್ದರು. ನಾನು ಬ್ರಷ್ಷು ಹಿಡಿದುಕೊಂಡು ಪಕ್ಕದಲ್ಲಿದ್ದೆ.

ಮನಿಲಾದ ಜನ ವಾರವಾರ ಕಾದು ಓದುತ್ತಿದ್ದ ಕಾಮಿಕ್ಸು ಹುಟ್ಟುತ್ತಿದ್ದದ್ದು ನಮ್ಮ ಒಂದೇ ಕೋಣೆಯ ತಗಡಿನ ಮನೆಯಲ್ಲಿ. ಅಪ್ಪ ಕ್ರಿಸ್ಪುಲೊ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಅಣ್ಣ ನೆಸ್ತೋರ್ ಅದರ ಮೇಲೆ ಶಾಯಿ ಎಳೆಯುತ್ತಿದ್ದ. ಅವ್ವ ಪಾಸಿತಾ ಮಾತಿನ ಗುಳ್ಳೆಗಳಲ್ಲಿ ಅಕ್ಷರ ತುಂಬುತ್ತಿದ್ದಳು. ರಾತ್ರಿಯ ಆಕಾಶ, ಹೆಣ್ಣಿನ ಕೂದಲು, ಕಳ್ಳನ ನೆರಳು, ಕಪ್ಪು ಬೇಕಾದಲ್ಲೆಲ್ಲ ಕಪ್ಪು ಹಚ್ಚುವುದು ನನ್ನ ಪಾಲು. ಮೊದಲ ಪುಟದಲ್ಲಿ ಮಾತ್ರ ಡಾನ್ ಹಿಲಾರಿಯೊನ ಅಳಿಯನ ಹೆಸರು ಬರುತ್ತಿತ್ತು. ಅವನಿಗೆ ಬೆಕ್ಕನ್ನೂ ನೆಟ್ಟಗೆ ಬರೆಯಲು ಬರುತ್ತಿರಲಿಲ್ಲ.

ಮಲ್ಲಿಗೆ ಬಳ್ಳಿ ಬರೆದ ದಿನವೇ ನಮ್ಮ ಕಳ್ಳ ಕಾಮಿಕ್ಸು ಶುರುವಾಯಿತು. ಬಿಳಿ ಸೂಟಿನ ಹಂದಿಯೊಂದು ಬುಲ್ಡೋಜರ್ ತಂದು ತೊಂಡೊವನ್ನು ಗುಡಿಸಿ, ಸಮುದ್ರಕ್ಕೆ ಬೇಲಿ ಹಾಕುವ ಕಥೆ. ಅವ್ವ ಹಂದಿಯ ಬಾಯಲ್ಲಿ ಬರೆದಳು: "ಇಷ್ಟು ದಿನ ನೀವು ಉಸಿರಾಡಿದ ಗಾಳಿ ನಂದು. ಬಿಟ್ಟು ಹೋಗ್ರೋ." ಬರೆದು ತಾನೇ ಬಿದ್ದು ಬಿದ್ದು ನಕ್ಕಳು. ನೆಸ್ತೋರ್ ಸೈಕ್ಲೋಸ್ಟೈಲ್ ಮಾಡಿ ತಂದ. ಮೀನು ಮಾರುವ ಉಪೆಂಗ್ ಅಜ್ಜಿ ಒಣಮೀನನ್ನು ಅದರಲ್ಲೇ ಸುತ್ತಿ ಕೊಟ್ಟಳು. ಮೀನಿಗಿಂತ ಕಾಗದಕ್ಕೇ ಗಿರಾಕಿ ಹೆಚ್ಚಾಯಿತು.

ಚಿತ್ರದಲ್ಲಿ ಅಪ್ಪ ತನ್ನ ಕೈಗುರುತು ಮರೆಸಿದ್ದ, ಮಕ್ಕಳು ಗೀಚಿದ ಹಾಗೆ ಬರೆದಿದ್ದ. ಆದರೆ ಅವ್ವನ 'g' ಅಕ್ಷರಕ್ಕೆ ಗಾಳದ ಕೊಕ್ಕೆಯಂಥ ಬಾಲ. ಅದನ್ನವಳು ಬಿಡಲಾರಳು. ಡಾನ್ ಹಿಲಾರಿಯೊ ಆ ಬಾಲ ಹಿಡಿದೇ ಮನೆಗೆ ಬಂದ. ಜೊತೆಗೆ ಒಬ್ಬ ಕ್ಯಾಪ್ಟನ್, ಇಬ್ಬರು ಸಿಪಾಯಿಗಳು.

ಕ್ಯಾಪ್ಟನ್ ಅಪ್ಪನ ಬಲಗೈಯನ್ನು ಮೇಜಿನ ಮೇಲಿಡಿಸಿ ಬಂದೂಕಿನ ಹಿಡಿ ಎತ್ತಿದ.

"ಬೇಡ ಬೇಡ, ಕ್ಯಾಪ್ಟನ್!" ಡಾನ್ ಹಿಲಾರಿಯೊ ಮೂಗಿಗೊತ್ತಿಕೊಂಡಿದ್ದ ಕರವಸ್ತ್ರ ತೆಗೆದು ಕೂಗಿದ. "ಆ ಕೈ ಬೇಡ. ನನ್ನ ಪತ್ರಿಕೆ ನಿಂತೋಗ್ತದೆ. ಹುಡುಗಂದೂ ಬೇಡ, ಅಂಥ ಶಾಯಿ ಕೆಲಸದೋರು ಸಿಗಲ್ಲ." ಸಂತೆಯಲ್ಲಿ ಕೋಳಿ ಆರಿಸುವವನಂತೆ ನಮ್ಮನ್ನೆಲ್ಲ ನೋಡಿದ. "ಹೆಂಗಸಿಂದು ತಗೊಳ್ಳಿ. ಅಕ್ಷರ ಬರೆಯೋರು ಬೀದಿಗೊಬ್ರು ಸಿಕ್ತಾರೆ."

ಸಿಪಾಯಿಗಳು ಅವ್ವನ ಬಲಗೈ ಬೆರಳುಗಳನ್ನು ಬಾಗಿಲ ಸಂದಿಯಲ್ಲಿಟ್ಟರು.

"ಲೇ ಚಿತ್ರದೋನೆ, ಬಾ," ಎಂದ ಕ್ಯಾಪ್ಟನ್. "ಬಾಗ್ಲು ನೀನೇ ಎಳಿ."

ಅಪ್ಪ ಅವನ ಕಾಲಿಗೆ ಬಿದ್ದ. ಕ್ಯಾಪ್ಟನ್ ಬೂಟಿನಿಂದ ಅವನ ಗಲ್ಲ ಮೇಲೆತ್ತಿ, ಪಿಸ್ತೂಲನ್ನು ನೆಸ್ತೋರನ ಕಿವಿಗಿಟ್ಟ.

"ಎಳಿ ಕಣಯ್ಯ," ಅಂದಳು ಅವ್ವ. "ಮಗನ್ನ ನೋಡ್ಬೇಡ. ನನ್ನ ನೋಡು. ಎಳಿ."

ಅಪ್ಪ ಎಳೆದ.

"ಮೆತ್ತಗಾಯ್ತು. ಇನ್ನೊಂದ್ಸಲ," ಎಂದ ಕ್ಯಾಪ್ಟನ್.

ಡಾನ್ ಹಿಲಾರಿಯೊ ಹೊರಗೆ ಹೋಗಿ ಚರಂಡಿಗೆ ಉಗುಳಿ ಬಂದು, ಮುಂದಿನ ವಾರದ ಕೆಲಸ ಹೇಳಿದ. ಕಮ್ಯುನಿಸ್ಟರನ್ನು ಬೇಟೆಯಾಡುವ ವೀರ ಕ್ಯಾಪ್ಟನ್ನನ ಕಥೆಯಾಗಬೇಕಂತೆ. ವೀರನಿಗೆ ಈ ಕ್ಯಾಪ್ಟನ್ನನದೇ ಮುಖ ಇರಬೇಕಂತೆ.

ಹಾಗೆ ಕ್ಯಾಪ್ಟನ್ ನಮ್ಮ ಮನೆಯಲ್ಲೇ, ಅದೇ ಬಾಗಿಲ ಬೆಳಕಿನಲ್ಲಿ, ಚಿತ್ರಕ್ಕೆ ಕೂತ. ಅವ್ವ ಬಟ್ಟೆ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಎಡಗೈಯಲ್ಲಿ ಕಾಫಿ ತಂದಳು. ಲೋಟ ತುಳುಕಿತು.

"ನೆಟ್ಟಗೆ ಹಿಡಿಯೇ, ಮುದುಕಿ. ನಿನ್ನ ಕೈಗೇನು ಬಂತು ರೋಗ?" ಎಂದು ಅವನು ನಕ್ಕ. ಆಮೇಲೆ ಅಪ್ಪನಿಗೆ, "ಮೀಸೆ ಇನ್ನೂ ದಪ್ಪ ಬರಿ. ಕಣ್ಣಲ್ಲಿ ಬೆಂಕಿ ಇರ್ಲಿ," ಎಂದ.

ಅಪ್ಪ ಅಷ್ಟು ಚೆನ್ನಾಗಿ ಯಾರ ಮುಖವನ್ನೂ ಬರೆದಿರಲಿಲ್ಲ.

ಡಾನ್ ಹಿಲಾರಿಯೊ ಪುಟಗಳನ್ನು ಮೆಚ್ಚಿ ಮುದ್ರಣಕ್ಕೆ ಕಳಿಸು ಅಂದ. ಅವನು ಬೆನ್ನು ತಿರುಗಿಸಿದ ಮೇಲೆ ಅಪ್ಪ ಹೊಸ ಹಾಳೆ ಹರಡಿ ಕೂತ. ಕೊನೆಯ ಪುಟವನ್ನು ಮತ್ತೆ ಬರೆದ. ದಪ್ಪ ಮೀಸೆಯ ಆ ವೀರ, ಕರವಸ್ತ್ರದ ಡಾನ್ ಹಿಲಾರಿಯೊ, ಸಂದಿಯಲ್ಲಿ ಅವ್ವನ ಬೆರಳು, ಬಾಗಿಲ ಹಿಡಿಯ ಮೇಲೆ ತನ್ನದೇ ಕೈ.

"ನಿನ್ನ ಕೈ ಬೇಡಪ್ಪ," ಎಂದ ನೆಸ್ತೋರ್.

"ಇರ್ಲಿ. ಎಳ್ದಿದ್ದು ಯಾರು ಮತ್ತೆ?"

ನಾನು ಅಕ್ಷರ ಬರೆಯಲು ಹೋದರೆ ಅವ್ವ ಪೆನ್ನು ಕಿತ್ತುಕೊಂಡಳು. ಎಡಗೈಯಲ್ಲಿ, ತುಟಿ ಕಚ್ಚಿಕೊಂಡು, ವೀರನ ಬಾಯಲ್ಲಿ ವಕ್ರವಕ್ರವಾಗಿ ಬರೆದಳು: "ತೊಂಡೊದ ಪಾಸಿತಾಳ ಕೈ ಮುರಿಸಿದ ವೀರ ನಾನೇ." ಶಾಯಿ ಚೆಲ್ಲಿದ್ದನ್ನೂ ಒರೆಸಲು ಬಿಡಲಿಲ್ಲ.

ನೆಸ್ತೋರ್ ಪ್ರೆಸ್ಸಿಗೆ ಹೋಗಿ ಹಾಳೆ ಬದಲಾಯಿಸಿದ. ಅಲ್ಲಿಂದಲೇ ತಲೆಮರೆಸಿಕೊಳ್ಳಲು ಸಾಮಾರ್ ದ್ವೀಪದ ಹಡಗು ಹತ್ತಿದ. ನಮಗೂ ಬರಲು ಹೇಳಿದ್ದ. ಅವ್ವ, "ಓದೋರ ಮುಖ ನೋಡ್ದೆ ಹೆಂಗೋ ಬರ್ಲಿ?" ಅಂದಿದ್ದಳು.

ಶುಕ್ರವಾರ ಓಣಿಯ ಅಂಗಡಿಯ ದಾರಕ್ಕೆ ಕಾಮಿಕ್ಸು ನೇತುಬಿದ್ದವು. ಬಾಡಿಗೆಗೆ ಪಡೆದು ಅಲ್ಲೇ ಬೆಂಚಿನಲ್ಲಿ ಓದುವುದು ನಮ್ಮಲ್ಲಿ ವಾಡಿಕೆ. ಬಂದರಿನ ಕೂಲಿಗಳು, ಬಟ್ಟೆ ಒಗೆಯುವ ಹೆಂಗಸರು ಒತ್ತಿಕೊಂಡು ಕೂತಿದ್ದರು. ಕೊನೆಯ ಪುಟಕ್ಕೆ ಬಂದವರು ತಲೆಯೆತ್ತಿ ನಮ್ಮ ಬಾಗಿಲು ನೋಡುತ್ತಿದ್ದರು.

ಮಧ್ಯಾಹ್ನ ಜೀಪು ಬಂತು. ಕ್ಯಾಪ್ಟನ್ ಇಳಿದ. ಬೆಂಚಿನ ಜನ ಪುಟ ನೋಡಿದರು, ಅವನ ಮುಖ ನೋಡಿದರು, ಮತ್ತೆ ಪುಟ ನೋಡಿದರು. ಅವನು ಉಪೆಂಗ್ ಅಜ್ಜಿಯ ಕೈಯಿಂದ ಪುಸ್ತಕ ಕಸಿದು ಹರಿದ. ಅವಳು ಪಕ್ಕದವನ ಪುಸ್ತಕಕ್ಕೆ ಬಗ್ಗಿ ಅವ್ವನ ಆ ಸಾಲನ್ನೇ ಗಟ್ಟಿಯಾಗಿ ಓದತೊಡಗಿದಳು.

ಅಪ್ಪ ಹೊಸ್ತಿಲು ದಾಟಿ, ಎರಡೂ ಕೈ ಮುಂದೆ ಚಾಚಿಕೊಂಡು ಅವನೆದುರಿಗೆ ಹೋಗಿ ನಿಂತ.

"ಮೀಸೆ ಸರಿಯಾಗಿ ಬಂದೈತಾ, ಸಾರ್?"